ಲಾಮಾ ಪ್ರಾಣಿಯೂ ರಣರಂಗವೂ

ಕ್ರಿ. ಶ. 1532ನೆಯ ನವೆಂಬರ್ 16ರಂದು ಪೆರು ದೇಶದ ಕಾಹಮಾರ್ಕ ಪಟ್ಟಣದಲ್ಲಿ ಸ್ಪೇನಿನ ಪಿಸಾರೊ ಎಂಬಾತನು 168 ಜನರನ್ನು ಮಾತ್ರ ಕಟ್ಟಿಕೊಂಡು, ಸಾವಿರಾರು ಪರಿವಾರದ ನಡುವೆ ಬಂದ ಇಂಕಾ ಚಕ್ರವರ್ತಿ ಅಟಹುವಾಲ್ಪನನ್ನು ಸೆರೆಹಿಡಿದನು. ಆ 168 ಮಂದಿಯಲ್ಲಿ 62 ಮಂದಿ ರಾಹುತರು. ಇಂಕರ ನಾಡಿನಲ್ಲಿ ಕುದುರೆಯೆಂಬುದೇ ಇರಲಿಲ್ಲ. ಇದ್ದುದು ಲಾಮಾ, ಅದೂ ಮಂದೆಮಂದೆಯಾಗಿ. ಅದರ ತಳಿಯನ್ನೇ ತಿದ್ದಿ ಯುದ್ಧವಾಹನವನ್ನಾಗಿ ಅವರು ಏಕೆ ಮಾಡಿಕೊಳ್ಳಲಿಲ್ಲ? ಪ್ರಶ್ನೆಯು ವಿನೋದವಾಗಿ ತೋರಬಹುದು. ಆದರೆ ಒಂದು ಜನಾಂಗದ ಸೋಲಿಗೆ ಬುದ್ಧಿಯ ಕೊರತೆ ಕಾರಣವೋ, ಪ್ರಕೃತಿಯು ಹಂಚಿಕೊಟ್ಟ ಪಾಲು ಕಾರಣವೋ ಎಂಬ ದೊಡ್ಡ ವಿಚಾರವು ಇದರಲ್ಲಿ ಅಡಗಿದೆ.

ಲಾಮಾ ಒಂಟೆಯ ದಾಯಾದಿ. ಆದರೆ ಅದಕ್ಕೆ ಡುಬ್ಬವಿಲ್ಲ, ಗಾತ್ರವೂ ಕಿರಿದು. ತೂಕ ಸುಮಾರು 300ರಿಂದ 400 ಪೌಂಡು. ಸುಮಾರು 60 ಪೌಂಡು ಹೊತ್ತು ದಿನಕ್ಕೆ ಹನ್ನೆರಡು ಹದಿನೈದು ಮೈಲಿ ನಡೆಯಬಲ್ಲುದು. ಹೊರೆ ಮಿತಿಮೀರಿದರೆ ನೆಲಹಿಡಿದು ಕುಳಿತುಬಿಡುತ್ತದೆ. ಆಯುಧ ಧರಿಸಿದ ಯೋಧನ ಭಾರವಾದರೋ ಇದರ ಎರಡೂವರೆ ಪಾಲಿಗೆ ಕಡಿಮೆಯಾಗದು.

ಹಾಗಾದರೆ ಗಾತ್ರವನ್ನು ಹೆಚ್ಚಿಸಬಾರದಾಗಿತ್ತೇ? ವಂಶಗುಣವೇನೂ ಅಡ್ಡಿಯಾಗಿರಲಿಲ್ಲ. ಇದೇ ಕುಲದ ಒಂಟೆಯು ಕ್ರಿ. ಪೂ. 853ರ ಕರ್ಕರ್ ಯುದ್ಧದಲ್ಲಿಯೇ ಅರಬರ ಕಡೆಯಿಂದ ಕಾಣಿಸಿಕೊಂಡಿತು. ನಮ್ಮ ಬಿಕಾನೀರದ ಗಂಗಾ ರಿಸಾಲೆಯ ಒಂಟೆಗಳು ಮೊದಲನೆಯ ಮಹಾಯುದ್ಧದಲ್ಲಿ ಈಜಿಪ್ಟಿನವರೆಗೂ ಹೋದುವು. ಅಡ್ಡಿಯಿದ್ದುದು ಬೇರೆಡೆಯಲ್ಲಿ. ಲಾಮಾ ಹನ್ನೊಂದು ತಿಂಗಳಿಗೂ ಮಿಕ್ಕು ಗರ್ಭವನ್ನು ಧರಿಸಿ ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುತ್ತದೆ. ಅದನ್ನು ಇಮ್ಮಡಿಯಾಗಿ ಬೆಳೆಸಲು ಎಷ್ಟೋ ತಲೆಮಾರುಗಳು ಬೇಕು. ಸಾಕುವವನು ಹೇರಿಗೆ, ಉಣ್ಣೆಗೆ, ಮಾಂಸಕ್ಕೆ ಇಂದು ಒದಗುವ ಮರಿಯನ್ನು ಆರಿಸುತ್ತಾನೆಯೇ ಹೊರತು, ಮುಂದೆಂದೋ ಮರಿಮಕ್ಕಳು ಏರಬಹುದಾದ ವಾಹನಕ್ಕಾಗಿ ದುಡಿಯುವುದಿಲ್ಲ. ಅರ್ಧ ಬೆಳೆದ ವಾಹನದಿಂದ ಯಾರಿಗೆ ಪ್ರಯೋಜನ?

ಕುದುರೆಗಾದರೂ ಈ ಪದವಿ ಒಮ್ಮೆಲೇ ದೊರೆಯಲಿಲ್ಲ. ಕ್ರಿ. ಪೂ. 2000ದ ಸುಮಾರಿಗೆ ಯೂರಲ್ ಪರ್ವತಗಳ ದಕ್ಷಿಣದ ಬಯಲಿನಲ್ಲಿ ಅದು ರಥಕ್ಕೆ ಹೂಡಲ್ಪಟ್ಟಿತು. ರಥದಲ್ಲಿ ಭಾರವು ಬೆನ್ನಿನ ಮೇಲಲ್ಲ, ಚಕ್ರದ ಮೇಲೆ. ಸಣ್ಣ ಕುದುರೆಗಳೆರಡು ಸೇರಿ ಯೋಧನನ್ನು ಎಳೆದುವು. ಅಸ್ಸೀರಿಯದ ಸೇನೆಯಲ್ಲಿ ರಾಹುತರ ದಳವು ಕಾಣುವುದು ಕ್ರಿ. ಪೂ. ಒಂಬತ್ತನೆಯ ಶತಮಾನದಲ್ಲಿ, ನಡುವೆ ಸಾವಿರ ವರ್ಷಗಳೇ ಕಳೆದಿದ್ದುವು. ರಥವು ಕುದುರೆಗೆ ನಡುಮೆಟ್ಟಿಲಾಯಿತು. ಆಂಡೀಸ್ ಪರ್ವತಗಳಲ್ಲಿ ಗಾಡಿಯೂ ಇರಲಿಲ್ಲ, ರಥ ಓಡುವ ನೆಲವೂ ವಿರಳ. ಇಂಕರ ರಾಜಮಾರ್ಗಗಳು ಕಡಿದಾದ ಕಡೆಗಳಲ್ಲಿ ಕಲ್ಲಿನ ಮೆಟ್ಟಿಲುಗಳಾಗಿ ಏರುತ್ತಿದ್ದುವು. ಅಲ್ಲಿ ಸ್ಪೇನಿನ ಕುದುರೆಗಳೇ ಕಷ್ಟಪಟ್ಟುವು. ಮೆತ್ತನೆಯ ಪಾದದ ಲಾಮಾ ಸಲೀಸಾಗಿ ಹತ್ತುತ್ತಿತ್ತು. ಇಂಕರ ದಂಡಿನ ಸಾಮಗ್ರಿಗಳನ್ನು ಹೊರುತ್ತ ಅದು ಯುದ್ಧಕ್ಕೂ ತನ್ನ ಸೇವೆಯನ್ನು ಸಲ್ಲಿಸಿತು.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. 1536ರಲ್ಲಿ ಮಾಂಕೊ ಇಂಕನು ಸ್ಪೇನಿನವರ ವಿರುದ್ಧ ದಂಗೆಯೆದ್ದನು. ಅವರು ಒಲ್ಯಾಂಟಾಯ್‌ಟಾಂಬೊ ಕೋಟೆಯ ಮೇಲೆ ಬಂದಾಗ ಅವನು ಬಯಲಿಗೆ ನದಿಯ ನೀರನ್ನು ಹರಿಯಿಸಿ ರಾಹುತರನ್ನು ಹಿಮ್ಮೆಟ್ಟಿಸಿದನು. ತಾನು ಶತ್ರುಗಳಿಂದ ಕಸಿದ ಕುದುರೆಯನ್ನೇರಿ, ಕೈಯಲ್ಲಿ ಈಟಿ ಹಿಡಿದು ನಿಂತಿದ್ದನೆಂದು ಸ್ಪೇನಿನ ಚರಿತ್ರಕಾರರೇ ಬರೆದಿದ್ದಾರೆ. ಕುದುರೆಯನ್ನು ಕಾಣದಿದ್ದ ಜನ ಅದನ್ನೇರಲು ಕಲಿಯುವುದಕ್ಕೆ ಐದು ವರ್ಷಗಳೂ ಹಿಡಿಯಲಿಲ್ಲ. ಕೊರತೆಯಿದ್ದುದು ವಾಹನದಲ್ಲಿ, ಬುದ್ಧಿಯಲ್ಲಲ್ಲ.