ಒಂದು ವರ್ಷದ ಪಟ್ಟ

ಜುಲೈ ತಿಂಗಳು ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಚಿತ್ರ ಮತ್ತೆ ಮತ್ತೆ ಕಾಣಿಸುತ್ತದೆ. ವೇದಿಕೆಯ ಮೇಲೆ ಸೂಟು ತೊಟ್ಟ ಐದಾರು ಮಂದಿ. ನಡುವೆ ನಿಂತವರ ಕೊರಳಲ್ಲಿ ಬಿಲ್ಲೆಗಳನ್ನು ಜೋಡಿಸಿದ ಅಗಲವಾದ ಪಟ್ಟಿ. ಪಕ್ಕದಲ್ಲಿ ಅದೇ ಪಟ್ಟಿಯನ್ನು ಆಗಷ್ಟೇ ಕಳಚಿಕೊಟ್ಟವರು. ಕೆಳಗೆ ‘ರೋಟರಿ ಪದಗ್ರಹಣ’ ಎಂದೋ ‘ಲಯನ್ಸ್ ನೂತನ ಪದಾಧಿಕಾರಿಗಳು’ ಎಂದೋ ಒಕ್ಕಣೆ. ಓದುಗರಲ್ಲಿ ಹೆಚ್ಚಿನವರು ಪುಟ ತಿರುವಿಬಿಡುತ್ತಾರೆ.

ಆದರೆ ಆ ಚಿತ್ರದಲ್ಲಿ ನಮ್ಮ ಸಾರ್ವಜನಿಕ ಜೀವನದಲ್ಲಿ ಅಪರೂಪವಾದ ಸಂಗತಿಯೊಂದು ಅಡಗಿದೆ. ಈ ವರ್ಷ ಪಟ್ಟಿ ತೊಟ್ಟವರು ಮುಂದಿನ ಜೂನ್ 30ಕ್ಕೆ ಅದನ್ನು ಕಳಚಿ ಇನ್ನೊಬ್ಬರ ಕೊರಳಿಗೆ ಹಾಕುವುದು ರೂಢಿ. ಕೆಲಸ ಚೆನ್ನಾಗಿ ಮಾಡಿದ್ದರೂ ಅಷ್ಟೆ, ಮಾಡದೆ ಕೂತಿದ್ದರೂ ಅಷ್ಟೆ. ಸಹಕಾರ ಸಂಘದಲ್ಲಿ, ದೇವಸ್ಥಾನದ ಸಮಿತಿಯಲ್ಲಿ, ವಿದ್ಯಾಸಂಸ್ಥೆಯ ಆಡಳಿತ ಮಂಡಳಿಯಲ್ಲಿ ಒಮ್ಮೆ ಕುರ್ಚಿ ಹಿಡಿದವರು ಇಪ್ಪತ್ತು ವರ್ಷ ಏಳದಿರುವುದನ್ನು ಕಂಡ ಊರುಗಳಲ್ಲೇ ಈ ಕ್ಲಬ್ಬುಗಳೂ ನಡೆಯುತ್ತಿವೆ. ವರ್ಷಕ್ಕೊಮ್ಮೆ ನಾಯಕರನ್ನು ಬದಲಿಸುವ ಸಂಸ್ಥೆ ಹತ್ತಿಪ್ಪತ್ತು ವರ್ಷ ಹಿಡಿಯುವ ಕೆಲಸವನ್ನು ಮಾಡೀತೇ? ಈ ಕ್ಲಬ್ಬುಗಳ ಬಲ, ದೌರ್ಬಲ್ಯಗಳೆರಡೂ ಇದೊಂದು ಪ್ರಶ್ನೆಯ ಸುತ್ತ ಇವೆ.

ಸರದಿಯ ಈ ಪದ್ಧತಿ ಹುಟ್ಟಿನಿಂದಲೇ ಬಂದದ್ದು. 1905ರ ಫೆಬ್ರುವರಿ 23ರಂದು ಅಮೆರಿಕದ ಷಿಕಾಗೊ ನಗರದ ಕಚೇರಿಯೊಂದರಲ್ಲಿ ನಾಲ್ವರು ಸೇರಿದರು. ಪಾಲ್ ಹ್ಯಾರಿಸ್ ವಕೀಲ. ಗುಸ್ಟಾವಸ್ ಲೋಯರ್ ಗಣಿ ಎಂಜಿನಿಯರ್. ಸಿಲ್ವೆಸ್ಟರ್ ಶೀಲ್ ಕಲ್ಲಿದ್ದಲು ವ್ಯಾಪಾರಿ. ಹೈರಮ್ ಶೋರೆ ದರ್ಜಿ. ಹಳ್ಳಿಗಾಡಿನಲ್ಲಿ ಬೆಳೆದ ಹ್ಯಾರಿಸ್‌ಗೆ ಮಹಾನಗರದಲ್ಲಿ ಪರಿಚಯಸ್ಥರು ಬೇಕಾದಷ್ಟಿದ್ದರೂ ಸ್ನೇಹಿತರಿರಲಿಲ್ಲ. ಸ್ನೇಹ ಬೆಳೆಯಲಿ, ಒಬ್ಬರ ವ್ಯಾಪಾರಕ್ಕೆ ಇನ್ನೊಬ್ಬರು ನೆರವಾಗಲಿ ಎಂಬುದಷ್ಟೇ ಆಗಿನ ಉದ್ದೇಶ. ಸಮಾಜಸೇವೆಯ ಮಾತು ಇನ್ನೂ ಬಂದಿರಲಿಲ್ಲ. ಸಭೆ ಒಂದು ವಾರ ಒಬ್ಬರ ಕಚೇರಿಯಲ್ಲಿ, ಮುಂದಿನ ಸಲ ಮತ್ತೊಬ್ಬರ ಕಚೇರಿಯಲ್ಲಿ ಸರದಿಯಂತೆ ನಡೆಯುತ್ತಿದ್ದುದರಿಂದ ‘ರೋಟರಿ’ ಎಂಬ ಹೆಸರು ಬಂತು. ಸ್ಥಾಪಕನೆನಿಸಿದ ಹ್ಯಾರಿಸ್ ಮೊದಲ ಅಧ್ಯಕ್ಷನೂ ಆಗಲಿಲ್ಲ. ಆ ಸ್ಥಾನ ಶೀಲ್‌ಗೆ ಹೋಯಿತು, ಹ್ಯಾರಿಸ್ ಮೂರನೆಯವನು.

ಸೇವೆ ಕಾಲಿಟ್ಟದ್ದು ಸ್ವಲ್ಪ ತಡವಾಗಿ, ಅದೂ ವಿಚಿತ್ರವಾದ ಬಾಗಿಲಿನಿಂದ. ಷಿಕಾಗೊ ನಗರದ ನಡುವೆ ಸಾರ್ವಜನಿಕ ಶೌಚಾಲಯ ಕಟ್ಟಿಸಬೇಕೆಂದು ಕ್ಲಬ್ಬು ಹಟ ಹಿಡಿಯಿತು. ಹೆಂಡದಂಗಡಿಯವರೂ ದೊಡ್ಡ ಮಳಿಗೆಗಳವರೂ ವಿರೋಧಿಸಿದರು. ಶೌಚಕ್ಕೆಂದು ಒಳಗೆ ಬಂದವರು ಏನನ್ನಾದರೂ ಕೊಳ್ಳದೆ ಹೋಗುತ್ತಿರಲಿಲ್ಲವಲ್ಲ! ಕೊನೆಗೂ ಶೌಚಾಲಯ ಎದ್ದಿತು. ಇಂದು ನಮ್ಮ ತಾಲ್ಲೂಕು ಬಸ್ ನಿಲ್ದಾಣದಲ್ಲೋ ಹೆಣ್ಣುಮಕ್ಕಳ ಶಾಲೆಯಲ್ಲೋ ಶೌಚಾಲಯ ಕಟ್ಟಿಸಿ ಫಲಕ ಹಾಕುವ ಕ್ಲಬ್ಬುಗಳು ತಿಳಿದೋ ತಿಳಿಯದೆಯೋ ಆ ಮೊದಲ ಕೆಲಸವನ್ನೇ ಮುಂದುವರಿಸುತ್ತಿವೆ.

ಹನ್ನೆರಡು ವರ್ಷಗಳ ಅನಂತರ, 1917ರಲ್ಲಿ, ಅದೇ ಷಿಕಾಗೊದಲ್ಲಿ ವಿಮಾ ವ್ಯವಹಾರದ ಮೆಲ್ವಿನ್ ಜೋನ್ಸ್ ಬಿಡಿ ಬಿಡಿಯಾಗಿದ್ದ ವರ್ತಕರ ಕೂಟಗಳನ್ನು ಒಂದುಗೂಡಿಸಿ ಲಯನ್ಸ್ ಸಂಸ್ಥೆಗೆ ನಾಂದಿ ಹಾಡಿದರು. ಲಯನ್ಸ್ ಎಂದರೆ ಕಣ್ಣು ಎಂಬ ನಂಟು ಬೆಳೆದದ್ದಕ್ಕೆ ಕಾರಣ ಹೆಲೆನ್ ಕೆಲರ್. ಕಣ್ಣು, ಕಿವಿ ಎರಡನ್ನೂ ಮಗುವಾಗಿದ್ದಾಗಲೇ ಕಳೆದುಕೊಂಡಿದ್ದ ಆಕೆ 1925ರ ಸಮ್ಮೇಳನದಲ್ಲಿ ಅಂಧರ ಕೈ ಹಿಡಿಯುವಂತೆ ಸಿಂಹಗಳಿಗೆ ಕರೆ ಕೊಟ್ಟರು. ಇಂದು ರೋಟರಿಗೆ ಲೋಕದಾದ್ಯಂತ ಸುಮಾರು 12 ಲಕ್ಷ, ಲಯನ್ಸ್‌ಗೆ ಸುಮಾರು 14 ಲಕ್ಷ ಸದಸ್ಯರಿದ್ದಾರೆ.

ಭಾರತದ ಮೊದಲ ರೋಟರಿ ಕ್ಲಬ್ಬು ಆರಂಭವಾದದ್ದು 1919ರಲ್ಲಿ, ಕಲ್ಕತ್ತೆಯಲ್ಲಿ. ಬೆಂಗಳೂರಿಗೆ ಅದು ಬಂದದ್ದು 1934ರಲ್ಲಿ. ಲಯನ್ಸ್ 1956ರಲ್ಲಿ ಮುಂಬಯಿಯ ಮೂಲಕ ಬಂತು. ಮೊದಮೊದಲು ದೊಡ್ಡ ಕಂಪನಿ, ದೊಡ್ಡ ಹೋಟೆಲು, ಇಂಗ್ಲಿಷ್ ಭಾಷಣಗಳ ವಲಯದಲ್ಲೇ ಇದ್ದ ಈ ಕ್ಲಬ್ಬುಗಳು ಕಾಲಕ್ರಮದಲ್ಲಿ ತಾಲ್ಲೂಕು ಕೇಂದ್ರಗಳಿಗೂ ಇಳಿದವು. ಅಲ್ಲಿ ಸದಸ್ಯರಾದವರು ಡಾಕ್ಟರು, ಔಷಧಿ ಅಂಗಡಿಯವರು, ಅಡಿಕೆ ಮಂಡಿಯ ಮಾಲೀಕರು, ಬ್ಯಾಂಕ್ ಮ್ಯಾನೇಜರು, ಕಾಲೇಜಿನ ಮೇಷ್ಟ್ರು. ರೋಟರಿಯಲ್ಲಿ ಹಿಂದೆ ಒಂದು ವೃತ್ತಿಗೆ ಒಬ್ಬರೇ ಎಂಬ ಕಟ್ಟುನಿಟ್ಟು ಇತ್ತು. ಈಗ ಅದು ಸಡಿಲವಾಗಿದೆ. ಆದರೂ ಬೇರೆ ಬೇರೆ ಕಸುಬಿನವರನ್ನು ಒಂದೇ ಮೇಜಿಗೆ ತಂದದ್ದು ಈ ನಿಯಮವೇ. ಜಾತಿ ಸಂಘಗಳೂ ವರ್ತಕರ ಸಂಘಗಳೂ ಮಾತ್ರ ಇದ್ದ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ.

ಕ್ಲಬ್ಬಿನಿಂದ ಮೇಲಕ್ಕೆ ಹೋದರೆ ವಲಯ, ಅದರ ಮೇಲೆ ‘ಜಿಲ್ಲೆ’. ಇದು ಕಂದಾಯ ಇಲಾಖೆಯ ಜಿಲ್ಲೆಯಲ್ಲ. ರೋಟರಿಯ 3170ನೇ ಜಿಲ್ಲೆ ಬೆಳಗಾವಿ, ಧಾರವಾಡಗಳ ಜೊತೆಗೆ ಗೋವಾ, ಕೊಲ್ಲಾಪುರ, ಸಾಂಗಲಿಗಳನ್ನೂ ಒಳಗೊಂಡಿದೆ. ಗಡಿಯ ವಿಷಯದಲ್ಲಿ ಎರಡು ರಾಜ್ಯಗಳು ನ್ಯಾಯಾಲಯದ ಮೆಟ್ಟಿಲೇರಿರುವಾಗ ಕನ್ನಡ, ಮರಾಠಿ, ಕೊಂಕಣಿ ಆಡುವವರು ಒಬ್ಬನೇ ಗವರ್ನರನ ಕೆಳಗೆ ಒಂದೇ ಜಿಲ್ಲೆಯಾಗಿ ಕೂತಿರುವುದು ಸ್ವಾರಸ್ಯದ ಮಾತು. ಮೈಸೂರು, ಮಂಗಳೂರು, ಶಿವಮೊಗ್ಗ, ಹಾಸನಗಳನ್ನು ಒಟ್ಟಿಗೆ ಹಿಡಿದಿದ್ದ 3180ನೇ ಜಿಲ್ಲೆ ಬೆಳೆದು ಭಾರವಾಗಿ 3181, 3182 ಎಂದು ಎರಡಾಯಿತು. ಬೆಂಗಳೂರಿನ ಜಿಲ್ಲೆಯೂ ಹೀಗೇ ಒಡೆಯಿತು. ಲಯನ್ಸ್‌ನಲ್ಲಿ ಕರ್ನಾಟಕ, ಗೋವಾಗಳ ಜಿಲ್ಲೆಗಳೆಲ್ಲ 317 ಎಂಬ ಒಂದೇ ಸಂಖ್ಯೆಯ ಕೆಳಗಿವೆ.

ಜಿಲ್ಲೆಯ ಮುಖ್ಯಸ್ಥ ಗವರ್ನರ್. ಇವರಿಗೂ ಒಂದೇ ವರ್ಷ. ಸಂಬಳವಿಲ್ಲ. ತಮ್ಮ ಜಿಲ್ಲೆಯ ಕ್ಲಬ್ಬುಗಳನ್ನೆಲ್ಲ ಸುತ್ತಿ ನೋಡಬೇಕೆಂಬುದು ಅವರ ಮೊದಲ ಕರ್ತವ್ಯ. ಗವರ್ನರ್ ಭೇಟಿಯ ದಿನ ಕ್ಲಬ್ಬಿನ ಲೆಕ್ಕಪುಸ್ತಕ, ಹಾಜರಿ ಪುಸ್ತಕ, ಗೃಹಪತ್ರಿಕೆ ಎಲ್ಲ ಮೇಜಿನ ಮೇಲೆ ಬರುತ್ತವೆ. ಬೆಳಿಗ್ಗೆ ಶಾಲೆಗೆ ಬೆಂಚು, ಮಧ್ಯಾಹ್ನ ಆಸ್ಪತ್ರೆಗೆ ಹಣ್ಣು, ಸಂಜೆ ಸಭೆ. ಶಾಲಾ ಇನ್ಸ್‌ಪೆಕ್ಟರು ಬರುವ ದಿನದ ಸಡಗರವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಒಂದು ವರ್ಷದ ಅಧಿಕಾರದಿಂದ ಆಗುವ ಲಾಭ ಸ್ಪಷ್ಟ. ಮೂವತ್ತು ಸದಸ್ಯರ ಕ್ಲಬ್ಬಿನಲ್ಲಿ ಮೂವತ್ತು ವರ್ಷಕ್ಕೆ ಎಲ್ಲರೂ ಒಮ್ಮೆ ಮುಂದೆ ನಿಲ್ಲಬೇಕಾಗುತ್ತದೆ. ಮೈಕಿನ ಮುಂದೆ ಬೆವರುತ್ತಿದ್ದ ಹಾರ್ಡ್‌ವೇರ್ ಅಂಗಡಿಯವರು ಸಭೆ ನಡೆಸುವುದನ್ನು, ವರದಿ ಬರೆಯಿಸುವುದನ್ನು, ತಹಶೀಲ್ದಾರರ ಎದುರು ಅಳುಕದೆ ಮಾತಾಡುವುದನ್ನು ಕಲಿಯುತ್ತಾರೆ. ನಲವತ್ತರೊಳಗಿನವರ ಜೇಸಿ ಸಂಸ್ಥೆಯಂತೂ ಇಂಥ ತರಬೇತಿಯನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡಿದೆ. ಕ್ಲಬ್ಬು ಯಾರೊಬ್ಬರ ಸ್ವತ್ತೂ ಆಗುವುದಿಲ್ಲ.

ನಷ್ಟವೂ ಅಷ್ಟೇ ಸ್ಪಷ್ಟ. ಪ್ರತಿ ಅಧ್ಯಕ್ಷರಿಗೂ ತಮ್ಮ ವರ್ಷದ ಗುರುತು ಉಳಿಯಬೇಕೆಂಬ ಆಸೆ. ಆದ್ದರಿಂದ ಹನ್ನೆರಡು ತಿಂಗಳಲ್ಲಿ ಮುಗಿಯುವ, ಫಲಕ ಹಾಕಬಹುದಾದ ಕೆಲಸಕ್ಕೇ ಮನಸ್ಸು ಹರಿಯುತ್ತದೆ. ಬಸ್ ತಂಗುದಾಣ, ಕುಡಿಯುವ ನೀರಿನ ತೊಟ್ಟಿ, ವೃತ್ತಕ್ಕೊಂದು ಗಡಿಯಾರ. ತೊಟ್ಟಿಯ ನಲ್ಲಿ ಮುರಿದಾಗ ರಿಪೇರಿ ಮಾಡಿಸುವುದು ಯಾರ ಕೆಲಸ? ಫಲಕದಲ್ಲಿ ಹೆಸರಿರುವವರು ‘ಮಾಜಿ’ಗಳಾಗಿದ್ದಾರೆ, ಹಾಲಿ ಅಧ್ಯಕ್ಷರಿಗೆ ತಮ್ಮದೇ ತೊಟ್ಟಿ ಕಟ್ಟಿಸುವ ಉಮೇದು. ನೀರಿಲ್ಲದ ತೊಟ್ಟಿ, ಮುಳ್ಳು ನಿಂತ ಗಡಿಯಾರ ಯಾವ ಊರಿನಲ್ಲಿಲ್ಲ?

ಗವರ್ನರ್ ಪದವಿಯಲ್ಲಿ ಈ ತೊಂದರೆ ಇನ್ನೊಂದು ರೂಪ ತಾಳುತ್ತದೆ. ವರ್ಷವಿಡೀ ಅಂಗಡಿಯನ್ನೋ ಆಸ್ಪತ್ರೆಯನ್ನೋ ಬೇರೆಯವರಿಗೆ ಒಪ್ಪಿಸಿ ಊರೂರು ಅಲೆಯಬಲ್ಲ ಅನುಕೂಲಸ್ಥರಿಗೇ ಅದು ಎಟುಕುವುದು. ಮತ ಕೇಳಿಕೊಂಡು ಓಡಾಡುವುದನ್ನು ರೋಟರಿಯ ನಿಯಮಾವಳಿ ನಿಷೇಧಿಸಿದೆ. ನಿಷೇಧಿಸಬೇಕಾಗಿ ಬಂತೆಂಬುದೇ ಸಾಕಷ್ಟನ್ನು ಹೇಳುತ್ತದೆ.

ಹೆಂಗಸರಿಗೆ ಈ ಸರದಿಯಲ್ಲಿ ಜಾಗ ಸಿಕ್ಕಿದ್ದು ಬಹಳ ತಡವಾಗಿ. ಅಧ್ಯಕ್ಷರ ಪತ್ನಿ ವೇದಿಕೆಯಲ್ಲಿ ಕುಳಿತು ಹೂಗುಚ್ಛ ಪಡೆಯುತ್ತಿದ್ದರು, ಪದಾಧಿಕಾರಿಯಾಗುವಂತಿರಲಿಲ್ಲ. ಅವರಿಗೆಂದು ಇನ್ನರ್ ವ್ಹೀಲ್, ಲಯನೆಸ್ ಎಂಬ ಬೇರೆ ಕೂಟಗಳಿದ್ದವು. ಕ್ಯಾಲಿಫೋರ್ನಿಯದ ಡ್ವಾರ್ಟೆ ಎಂಬ ಸಣ್ಣ ಊರಿನ ರೋಟರಿ ಕ್ಲಬ್ಬು 1977ರಲ್ಲಿ ಮಹಿಳೆಯರನ್ನು ಸೇರಿಸಿಕೊಂಡಿತು. ಆ ತಪ್ಪಿಗೆ ಅದರ ಮಾನ್ಯತೆಯೇ ರದ್ದಾಯಿತು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1987ರಲ್ಲಿ ಕ್ಲಬ್ಬು ಗೆದ್ದಿತು. ಲಯನ್ಸ್ ಅದೇ ವರ್ಷ ಬಾಗಿಲು ತೆರೆಯಿತು. ರೋಟರಿ ಜಗತ್ತಿನಾದ್ಯಂತ ತನ್ನ ನಿಯಮ ಬದಲಿಸಿದ್ದು 1989ರಲ್ಲಿ. ರೋಟರಿಯ ವಿಶ್ವಾಧ್ಯಕ್ಷ ಸ್ಥಾನಕ್ಕೆ ಮೊದಲ ಮಹಿಳೆ ಬರಲು ಮತ್ತೆ 33 ವರ್ಷ ಬೇಕಾಯಿತು. 2022ರಲ್ಲಿ ಬಂದವರು ಕೆನಡಾದ ಜೆನಿಫರ್ ಜೋನ್ಸ್.

ಒಂದು ವರ್ಷದ ಚೌಕಟ್ಟಿಗೆ ಹೇಳಿ ಮಾಡಿಸಿದಂತಿದ್ದ ಕೆಲಸವೆಂದರೆ ಕಣ್ಣಿನ ಶಿಬಿರ. ಡಾ. ಎಂ.ಸಿ. ಮೋದಿಯವರಿಂದಾಗಿ ಶಿಬಿರವೆಂಬ ಮಾತು ಕರ್ನಾಟಕದ ಹಳ್ಳಿಗಳಿಗೆ ಹೊಸದಾಗಿರಲಿಲ್ಲ. ಕ್ಲಬ್ಬಿನವರು ಮಾಡುತ್ತಿದ್ದುದು ಡಾಕ್ಟರ ಕೆಲಸವಲ್ಲ, ಮದುವೆ ಮನೆಯ ಯಜಮಾನಿಕೆ. ಆಟೋದಲ್ಲಿ ಮೈಕು ಕಟ್ಟಿ ಹಳ್ಳಿಗಳಲ್ಲಿ ಸಾರಿಸುವುದು, ಶಾಲೆಯ ಕಟ್ಟಡ ಬಿಡಿಸಿಕೊಳ್ಳುವುದು, ಬಂದ ಮುದುಕ ಮುದುಕಿಯರ ಹೆಸರು ಬರೆದುಕೊಳ್ಳುವುದು, ಊಟ, ಚಾಪೆ, ಕನ್ನಡಕ. ತರಗತಿಯ ಕೋಣೆಯಲ್ಲೇ ಪೊರೆ ತೆಗೆಯುತ್ತಿದ್ದ ಕಾಲವಿತ್ತು. ಕಣ್ಣಿನೊಳಗೇ ಮಸೂರ ಕೂರಿಸುವ ವಿಧಾನ ಬಂದ ಮೇಲೆ, ಸೋಂಕಿನ ಭಯದಿಂದ ಸರ್ಕಾರವೂ ಬಿಗಿಯಾದ ಮೇಲೆ, ಶಸ್ತ್ರಚಿಕಿತ್ಸೆ ಆಸ್ಪತ್ರೆಗೆ ಸರಿಯಿತು. ಈಗ ಊರಲ್ಲಿ ನಡೆಯುವುದು ತಪಾಸಣೆ ಮಾತ್ರ. ಆಯ್ಕೆಯಾದವರನ್ನು ಬಸ್ಸಿನಲ್ಲಿ ಕರೆದೊಯ್ದು ಮತ್ತೆ ಮನೆ ಮುಟ್ಟಿಸುತ್ತಾರೆ.

ಹೀಗೆ ಕೆಲಸ ಶಿಬಿರದಿಂದ ಆಸ್ಪತ್ರೆಗೆ ಸರಿದಾಗ ಜುಲೈಯಿಂದ ಜೂನ್ ಎಂಬ ಲೆಕ್ಕ ಸಾಲದಾಯಿತು. ಆಸ್ಪತ್ರೆಯನ್ನು, ರಕ್ತನಿಧಿಯನ್ನು ವರ್ಷಕ್ಕೊಮ್ಮೆ ಬದಲಾಗುವ ಕೈಗಳಲ್ಲಿ ಇಡಲಾಗದು. ಇದಕ್ಕೆ ಕಂಡುಕೊಂಡ ದಾರಿ ಟ್ರಸ್ಟು. ಬೆಂಗಳೂರಿನ ರೋಟರಿ–ಟಿಟಿಕೆ ರಕ್ತನಿಧಿಯನ್ನು ನಡೆಸುತ್ತಿರುವುದು 1984ರಲ್ಲಿ ಆರಂಭವಾದ ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟ್. ಕ್ಲಬ್ಬಿನ ಹೆಸರು ಅಲ್ಲಿದೆ. ಕ್ಲಬ್ಬಿನ ಪಂಚಾಂಗ ಅಲ್ಲಿಗೆ ಅನ್ವಯಿಸುವುದಿಲ್ಲ. ಸಣ್ಣ ಊರುಗಳಲ್ಲೂ ಸಮುದಾಯ ಭವನವನ್ನೋ ಶಾಲೆಯನ್ನೋ ಕಟ್ಟಿದ ಎಷ್ಟೋ ಕ್ಲಬ್ಬುಗಳು ಮಾಜಿ ಅಧ್ಯಕ್ಷರನ್ನು ಸೇರಿಸಿ ಟ್ರಸ್ಟು ಮಾಡಿಕೊಂಡಿವೆ.

ಈ ಪದ್ಧತಿಗೆ ನಿಜವಾದ ಪರೀಕ್ಷೆ ಎದುರಾದದ್ದು ಪೋಲಿಯೊದಲ್ಲಿ. 1979ರಲ್ಲಿ ರೋಟರಿ ಫಿಲಿಪ್ಪೀನ್ಸಿನ 60 ಲಕ್ಷ ಮಕ್ಕಳಿಗೆ ಪೋಲಿಯೊ ಲಸಿಕೆ ಹಾಕಿಸುವ ಹೊಣೆ ಹೊತ್ತಿತು. ಅಲ್ಲಿನ ಅನುಭವದ ಬಲದ ಮೇಲೆ 1985ರಲ್ಲಿ, ಮೆಕ್ಸಿಕೊದ ವೈದ್ಯ ಕಾರ್ಲೊಸ್ ಕಾನ್ಸೆಕೊ ವಿಶ್ವಾಧ್ಯಕ್ಷರಾಗಿದ್ದಾಗ, ‘ಪೋಲಿಯೊ ಪ್ಲಸ್’ ಎಂಬ ಯೋಜನೆ ಘೋಷಣೆಯಾಯಿತು. 12 ಕೋಟಿ ಡಾಲರ್ ಕೂಡಿಸುವ ಗುರಿಯಿಟ್ಟರೆ 1988ರ ಹೊತ್ತಿಗೆ 24 ಕೋಟಿಗೂ ಹೆಚ್ಚಿನ ವಾಗ್ದಾನ ಬಂತು. ಅದೇ ವರ್ಷ ವಿಶ್ವ ಆರೋಗ್ಯ ಸಭೆ ರೋಗವನ್ನು ನಿರ್ಮೂಲ ಮಾಡುವ ನಿರ್ಣಯ ಕೈಗೊಂಡಿತು. ಆಗ ಲೋಕದಲ್ಲಿ ವರ್ಷಕ್ಕೆ ಅಂದಾಜು ಮೂರೂವರೆ ಲಕ್ಷ ಮಕ್ಕಳು ಪೋಲಿಯೊದಿಂದ ನರಳುತ್ತಿದ್ದರು.

ಕಾನ್ಸೆಕೊ ಅವರ ವರ್ಷ 1985ರ ಜೂನ್‌ನಲ್ಲೇ ಮುಗಿಯಿತು. ಅವರ ಮುಂದಿನವರು ಯೋಜನೆಯನ್ನು ಕೈಬಿಡಲಿಲ್ಲ, ಹೆಸರು ಬದಲಿಸಲಿಲ್ಲ. ಭಾರತ ಸರ್ಕಾರ 1995ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ಆರಂಭಿಸಿದಾಗ ಆರೋಗ್ಯ ಇಲಾಖೆ, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳ ಜೊತೆಗೆ ರೋಟರಿಯವರು ಲಸಿಕಾ ಬೂತುಗಳಲ್ಲಿ ನಿಂತರು. ಕೆಲಸದ ದೊಡ್ಡ ಭಾಗವನ್ನು ಹೊತ್ತವರು ಅಂಗನವಾಡಿ ಮತ್ತು ಆರೋಗ್ಯ ಕಾರ್ಯಕರ್ತೆಯರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಜೀಪು, ಬ್ಯಾನರು, ಊಟದ ಪೊಟ್ಟಣ, ಹಿಂಜರಿಯುವ ಕೇರಿಯಲ್ಲಿ ಪರಿಚಯದ ಹಿರಿಯರ ಒಂದು ಮಾತು – ಇವನ್ನು ಸರ್ಕಾರಿ ಆದೇಶದಿಂದ ಒದಗಿಸುವುದು ಕಷ್ಟ. ಊರಿನ ಕ್ಲಬ್ಬು ಒದಗಿಸಿತು.

ಇಲ್ಲಿ ಇನ್ನೊಂದು ವಿಶೇಷವಿದೆ. ಪೋಲಿಯೊ ಕೆಲಸಕ್ಕೆ ರೋಟರಿ ತನ್ನ ಸರದಿಯ ರೂಢಿಯನ್ನೇ ಬದಿಗಿಟ್ಟಿತು. ಅದರ ಭಾರತದ ಪೋಲಿಯೊ ಸಮಿತಿಗೆ 2001ರಲ್ಲಿ ಅಧ್ಯಕ್ಷರಾದ ದೆಹಲಿಯ ದೀಪಕ್ ಕಪೂರ್ ರೋಗ ದೇಶದಿಂದ ಹೋಗುವವರೆಗೂ ಅದೇ ಸ್ಥಾನದಲ್ಲಿದ್ದರು. ಕ್ಲಬ್ಬಿನ ಅಧ್ಯಕ್ಷರು, ಗವರ್ನರುಗಳು, ವಿಶ್ವಾಧ್ಯಕ್ಷರು ಬಂದುಹೋದರು, ಸಮಿತಿ ಕದಲಲಿಲ್ಲ. 2009ರಲ್ಲಿ ಭಾರತದಲ್ಲಿ 741 ಪ್ರಕರಣಗಳಿದ್ದವು. 2010ರಲ್ಲಿ 42. 2011ರಲ್ಲಿ ಒಂದೇ ಒಂದು: ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಭಾರತವಿರುವ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ 2014ರ ಮಾರ್ಚ್ 27ರಂದು ಸಿಕ್ಕಿತು. ಘೋಷಣೆಯಿಂದ ಭಾರತದ ಕೊನೆಯ ಪ್ರಕರಣದವರೆಗೆ ಲೆಕ್ಕ ಹಾಕಿದರೆ 27 ಮಂದಿ ವಿಶ್ವಾಧ್ಯಕ್ಷರು ಕೊರಳಪಟ್ಟಿ ತೊಟ್ಟಿದ್ದರು.

ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ವೈರಸ್ಸು ಇನ್ನೂ ಉಳಿದಿರುವುದರಿಂದ ಇಲ್ಲಿ ಹನಿ ಹಾಕುವುದು ನಿಂತಿಲ್ಲ. ಪಲ್ಸ್ ಪೋಲಿಯೊ ಭಾನುವಾರದಂದು ಬಸ್ ನಿಲ್ದಾಣದ ಶಾಮಿಯಾನಕ್ಕೆ ಕಟ್ಟಿದ ಬ್ಯಾನರಿನಲ್ಲಿ ಈ ವರ್ಷದ ಅಧ್ಯಕ್ಷ, ಕಾರ್ಯದರ್ಶಿಗಳ ಹೆಸರಿರುತ್ತದೆ. ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮಕ್ಕಳ ಲೆಕ್ಕ ಬರೆದುಕೊಳ್ಳುತ್ತ, ಕಿರುಬೆರಳಿಗೆ ಶಾಯಿ ಹಚ್ಚುವ ನರ್ಸಮ್ಮನಿಗೆ ಕಾಫಿ ತರಿಸುತ್ತಿರುವವರು ಸಾಮಾನ್ಯವಾಗಿ ಎಂದೋ ‘ಮಾಜಿ’ಯಾದ ಒಬ್ಬರು.