ಮನಸ್ಸಿನ ಬಿಗಿತ ಸಡಿಲಿಸುವ ತಾಯ್ ಚಿ

ದಿನವಿಡೀ ದುಡಿದ ದೇಹಕ್ಕೆ ಮತ್ತೆ ವ್ಯಾಯಾಮವೇಕೆಂದು ದಂಪತಿಗಳು ಕೇಳಬಹುದು. ದುಡಿಮೆಯಿಂದ ಮೈ ದಣಿಯುತ್ತದೆ; ಆದರೆ ಸಾಲ, ಬೆಳೆ, ಮಕ್ಕಳ ಚಿಂತೆಯಿಂದ ಬಿಗಿದ ಮನಸ್ಸು ಅದರಿಂದ ಸಡಿಲಗೊಳ್ಳದು. ನಿದ್ರಾಭಂಗಕ್ಕೂ ಮನೆಯೊಳಗಿನ ಮನಸ್ತಾಪಕ್ಕೂ ಅನೇಕ ವೇಳೆ ಈ ಬಿಗಿತವೇ ಕಾರಣ.

ತಾಯ್ ಚಿ ಚೀನಾದ ಹೆನಾನ್ ಪ್ರಾಂತದ ಒಂದು ಹಳ್ಳಿಯಲ್ಲಿ, 17ನೆಯ ಶತಮಾನದಲ್ಲಿ, ಚೆನ್ ಮನೆತನದವರು ರೂಢಿಸಿದ ಆತ್ಮರಕ್ಷಣೆಯ ವಿದ್ಯೆ. 1956ರಲ್ಲಿ ಅಲ್ಲಿನ ಸರ್ಕಾರವು ಜನಸಾಮಾನ್ಯರಿಗಾಗಿ 24 ಭಂಗಿಗಳ ಸರಳ ಕ್ರಮವನ್ನು ರೂಪಿಸಿತು. ಇದರಲ್ಲಿ ಚಲನೆ ನಿಧಾನ. ಗಮನವು ಉಸಿರಿನ ಮೇಲೆ ನೆಲೆಸುವುದರಿಂದ ಸ್ನಾಯುಗಳು ಸಡಿಲಗೊಂಡು ಮನಸ್ಸು ಶಾಂತವಾಗುತ್ತದೆ.

ಅದರ ಮೊದಲ ಭಂಗಿ ಸುಲಭ. ಪಾದಗಳನ್ನು ಭುಜದಗಲಕ್ಕೆ ಇರಿಸಿ ನಿಲ್ಲಿರಿ. ಉಸಿರೆಳೆಯುತ್ತ ಎರಡೂ ಕೈಗಳನ್ನು ಮುಂದಕ್ಕೆ, ಭುಜದ ಮಟ್ಟಕ್ಕೆ, ಮೆಲ್ಲನೆ ಎತ್ತಿರಿ; ಉಸಿರು ಬಿಡುತ್ತ, ಮಂಡಿಗಳನ್ನು ತುಸುವೇ ಬಾಗಿಸಿ, ಕೈಗಳನ್ನು ಇಳಿಸಿರಿ. ಪತಿಪತ್ನಿಯರು ಜೊತೆಯಾಗಿ ಪ್ರತಿದಿನ 10 ನಿಮಿಷ ಅಂಗಳದಲ್ಲಿ ಇದನ್ನು ಅಭ್ಯಸಿಸಬಹುದು.

ಗರ್ಭಿಣಿಯರೂ ಮಂಡಿನೋವುಳ್ಳವರೂ ಮೊದಲು ವೈದ್ಯರ ಸಲಹೆ ಪಡೆಯಬೇಕು. ರಕ್ತದೊತ್ತಡದ ಔಷಧಿಯನ್ನು ಇದರ ನೆಪದಲ್ಲಿ ನಿಲ್ಲಿಸಕೂಡದು. ಎರಡು ವಾರ ಕಳೆದರೂ ನಿದ್ರೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ಅಥವಾ ಚಿಂತೆ ಮರೆಯಲು ಮದ್ಯದ ಮೊರೆಹೋಗುವಂತಾದರೆ ಸಂಕೋಚಪಡದೆ, ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಇಬ್ಬರೂ ಕೂಡಿ ಹೋದರೆ ಇನ್ನೂ ಒಳ್ಳೆಯದು.