15.5 ಡಿಗ್ರಿ ಓರೆಯಾದ ನಗರ

ಕೈಯಲ್ಲಿ ಥಿಯೋಡೊಲೈಟ್ ಇದ್ದರೂ ಸರ್ವೇಯಿಂಗ್ ಲ್ಯಾಬಿನಲ್ಲಿ ಒಂದು ನೇರ ಗೆರೆ ಹಾಕೋಕೆ ನಾವೆಷ್ಟು ಒದ್ದಾಡ್ತೀವಿ ಅನ್ನೋದು ಸಿವಿಲ್ ಬ್ರಾಂಚಿನವರಿಗೆಲ್ಲ ಗೊತ್ತು. ಆದರೆ ಸುಮಾರು 2000 ವರ್ಷಗಳ ಹಿಂದೆ ಮೆಕ್ಸಿಕೋದ ಜನ ಕಬ್ಬಿಣದ ಉಪಕರಣವಿಲ್ಲದೆ, ಗಾಡಿ ಎಳೆಯೋ ಪ್ರಾಣಿಯೂ ಇಲ್ಲದೆ ಇಡೀ ನಗರವನ್ನೇ ಗೆರೆ ಹೊಡೆದ ಹಾಗೆ ಕಟ್ಟಿದರು. ಅದೇ ತೆಯೋತಿವಾಕಾನ್. ಇಂದಿನ ಮೆಕ್ಸಿಕೋ ಸಿಟಿಯ ಈಶಾನ್ಯಕ್ಕಿದೆ. ಈ ಹೆಸರು ಕಟ್ಟಿದವರು ಇಟ್ಟದ್ದಲ್ಲ; ಊರು ಪಾಳುಬಿದ್ದು ಶತಮಾನಗಳಾದ ಮೇಲೆ ಬಂದ ಅಜ್ಟೆಕರು ಕರೆದದ್ದು.

ಮೊದಲು ಪ್ಲಾನ್ ನೋಡೋಣ. ಊರಿನ ಬೆನ್ನೆಲುಬು ‘ಸತ್ತವರ ಬೀದಿ’. ಅದರ ಉತ್ತರದ ತುದಿಯಲ್ಲಿ ಚಂದ್ರ ಪಿರಮಿಡ್, ಪೂರ್ವ ಬದಿಗೆ ಸುಮಾರು 65 ಮೀಟರ್ ಎತ್ತರದ ಸೂರ್ಯ ಪಿರಮಿಡ್, ದಕ್ಷಿಣಕ್ಕೆ ಗರಿಸರ್ಪದ ಪಿರಮಿಡ್. ಬೀದಿ ನೇರ ಉತ್ತರಕ್ಕಿಲ್ಲ, ಸುಮಾರು 15.5 ಡಿಗ್ರಿ ಪೂರ್ವಕ್ಕೆ ವಾಲಿದೆ. ಅಳತೆ ತಪ್ಪಿತಾ? ಇಲ್ಲ. ಈ ಬೀದಿಗೆ ಲಂಬವಾಗಿ ಪಶ್ಚಿಮಕ್ಕೆ ನೋಡಿದರೆ ಆಗಸ್ಟ್ 13 ಮತ್ತು ಏಪ್ರಿಲ್ 30ರ ಹೊತ್ತಿಗೆ ಸೂರ್ಯ ಎದುರಿಗೇ ಮುಳುಗುತ್ತಾನೆ. ಇವೆರಡರ ನಡುವೆ 260 ದಿನ. ಅಲ್ಲಿನ ಜನರ ಧಾರ್ಮಿಕ ಪಂಚಾಂಗವೂ 260 ದಿನದ್ದೇ! ಹೀಗಾಗಿ ಆ ಓರೆ ಬೇಕಂತಲೇ ಇಟ್ಟದ್ದು ಅನ್ನೋದು ಹಲವು ವಿದ್ವಾಂಸರ ಅಭಿಪ್ರಾಯ. ಮನೆಗಳೂ ಅದೇ ಓರೆಗೆ ನಿಂತಿವೆ. ಊರೊಳಗೆ ಹರಿಯುವ ಸಾನ್ ಹುವಾನ್ ಹೊಳೆಯನ್ನು ಕೂಡ ಕಾಲುವೆ ಮಾಡಿ ಆ ಗ್ರಿಡ್ಡಿಗೆ ಹೊಂದಿಸಿದ್ದಾರೆ.

ಕಟ್ಟಡಗಳ ಶೈಲಿಗೆ ‘ತಾಲುದ್-ತಬ್ಲೇರೊ’ ಅಂತಾರೆ. ಕೆಳಗೆ ಇಳಿಜಾರಾದ ಗೋಡೆ, ಅದರ ಮೇಲೆ ಚೌಕಟ್ಟಿನಂಥ ನೆಟ್ಟನೆಯ ಫಲಕ, ಮತ್ತೆ ಇಳಿಜಾರು, ಮತ್ತೆ ಫಲಕ. ಫಲಕ ಸ್ವಲ್ಪ ಮುಂದಕ್ಕೆ ಚಾಚಿರುತ್ತೆ. ಅದು ಬೀಳದ ಹಾಗೆ ಒಳಗಿನಿಂದ ಚಪ್ಪಡಿ ಕಲ್ಲುಗಳನ್ನು ಹೊರಕ್ಕೆ ಚಾಚಿ ಆಧಾರ ಕೊಟ್ಟಿದ್ದಾರೆ. ನಾವು ಓದೋ ಕ್ಯಾಂಟಿಲಿವರ್ ಅದೇ ತಾನೆ!

ಇಷ್ಟು ಓದಿ ಬರೀ ಬೆರಗಾದರೆ ಸಾಲದು. ಗರಿಸರ್ಪದ ಪಿರಮಿಡ್ ಕೆಳಗೆ ಅಗೆದಾಗ ನೂರಕ್ಕೂ ಹೆಚ್ಚು ಜನರ ಅಸ್ಥಿಪಂಜರ ಸಿಕ್ಕವು. ಹಲವರ ಕೈಗಳನ್ನು ಬೆನ್ನಹಿಂದೆ ಕಟ್ಟಲಾಗಿತ್ತು. ಅವರು ಆ ಕಟ್ಟಡಕ್ಕೆ ಕೊಟ್ಟ ಬಲಿ.

ಆಮೇಲೆ ಊರಿನ ದಿಕ್ಕೇ ಬದಲಾಯಿತು. ಅಂಥ ಹೊಸ ದೊಡ್ಡ ಪಿರಮಿಡ್‌ಗಳು ಏಳಲಿಲ್ಲ, ಕಲ್ಲು-ಗಾರೆಯ ವಸತಿ ಸಮುಚ್ಚಯಗಳು ಎದ್ದವು. 1973ರಲ್ಲಿ ರೆನೆ ಮಿಲನ್ ತಂಡ ಪ್ರಕಟಿಸಿದ ನಕ್ಷೆಯಲ್ಲಿ ಇಂಥವು ಸುಮಾರು 2000. ಹಲವು ಸಮುಚ್ಚಯಗಳು ಒಂದೊಂದು ಬದಿಗೆ ಸುಮಾರು 60 ಮೀಟರ್. ಒಳಗೆ ತೆರೆದ ಅಂಗಳ, ಸುತ್ತ ಕೋಣೆಗಳು, ಮಳೆನೀರು ಹೋಗೋಕೆ ನೆಲದಡಿ ಚರಂಡಿ. ರಾಜರಷ್ಟೇ ಅಲ್ಲ, ಕುಶಲಕರ್ಮಿಗಳೂ ವಲಸೆ ಬಂದವರೂ ಇಂಥ ಮನೆಗಳಲ್ಲೇ ಇದ್ದರು. ಊರಿನ ಜನಸಂಖ್ಯೆ ಲಕ್ಷದ ಆಸುಪಾಸು.

ಕ್ರಿ.ಶ. 550ರ ಹೊತ್ತಿಗೆ ಊರಿಗೆ ಬೆಂಕಿ ಬಿತ್ತು. ಸುಟ್ಟದ್ದು ಹೆಚ್ಚಾಗಿ ದೊಡ್ಡ ಬೀದಿಯ ದೇವಾಲಯಗಳು, ಅಧಿಕಾರದ ಕಟ್ಟಡಗಳು. ಜನರ ಮನೆಗಳು ಬಹುಪಾಲು ಉಳಿದವು. ಬೆಂಕಿ ಇಟ್ಟವರು ಹೊರಗಿನವರೋ ಒಳಗಿನವರೋ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಯಾವುದನ್ನು ಸುಡಬೇಕು, ಯಾವುದನ್ನು ಬಿಡಬೇಕು ಅಂತ ಯಾರೋ ಆರಿಸಿದ ಹಾಗಿದೆ.

ನಾಳೆ ನಾವೂ ಊರುಗಳ ಪ್ಲಾನ್ ಹಾಕೋರೇ. ಬೀದಿಯ ಕೋನದ ಜೊತೆಗೆ ಅಂಗಳದ ಚರಂಡಿಯನ್ನೂ ನೆನಪಿಟ್ಟುಕೊಳ್ಳೋಣ.